ಭಾಲ್ಕಿ ಕೋರ್ಟಿನಲ್ಲಿ ಅಪ್ಪನ ತಾರೀಖು

ದಂಡ ಕಟ್ಟುವುದಕ್ಕೆ ನನ್ನ ಅಪ್ಪ ಹಿಂದೆಮುಂದೆ ನೋಡಿದವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಆ ವರ್ಷ ಬೀದರಿನ ನಮ್ಮ ಓಣಿಯವರು, ಔರಾದಿನ ಶಾಲೆಯಲ್ಲಿ ನನ್ನ ಜೊತೆ ಪಾಠ ಮಾಡುವವರು, ಎಲ್ಲರೂ ಅಂದುಕೊಂಡದ್ದು ಒಂದೇ: ಈ ಮುದುಕ ಸಣ್ಣದೊಂದು ಟ್ರಾಫಿಕ್ ದಂಡ ಉಳಿಸಲು ಭಾಲ್ಕಿ ಕೋರ್ಟಿಗೆ ಚಪ್ಪಲಿ ಸವೆಸುತ್ತಿದ್ದಾನೆ. ಸಿಟ್ಟು ಬಂದಾಗ ನಾನೂ ಹಾಗೆಯೇ ಅಂದಿದ್ದೇನೆ, ಅದೂ ಅವನ ಮುಖದ ಮೇಲೆ. ನನ್ನ ಬಾಯಿ ಸ್ವಲ್ಪ ಜೋರು.

ಅಪ್ಪ ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿದವನು. ಬೀದರಿನಿಂದ ಸಂತಪುರದ ಮೇಲೆ ಔರಾದಿಗೆ, ಭಾಲ್ಕಿ ದಾಟಿ ಮೆಹಕರಕ್ಕೆ, ಹೀಗೆ ಜಿಲ್ಲೆಯ ಒಂದು ತುದಿಯಿಂದ ಇನ್ನೊಂದು ತುದಿಗೆ. ಬೇಸಿಗೆ ರಜೆಯಲ್ಲಿ ನಾನೂ ಅವನ ಜೊತೆ ಹೋಗುತ್ತಿದ್ದೆ. ಎಂಜಿನ್ನಿನ ಬಿಸಿ ಮುಚ್ಚಳದ ಮೇಲೆ ಮಡಚಿದ ಕೌದಿ ಹಾಕಿ ನನ್ನನ್ನು ಕೂರಿಸುತ್ತಿದ್ದ. ಎದುರಿಗೆ ಎಮ್ಮೆ ಬಂದರೆ ಎಮ್ಮೆಗೂ ದಾರಿ ಬಿಡುವ ಡ್ರೈವರ್ ಅವನು. ಅಷ್ಟು ವರ್ಷದಲ್ಲಿ ಒಂದು ಅಪಘಾತವಿಲ್ಲ, ಒಂದು ಕೇಸಿಲ್ಲ. ಅದಕ್ಕೆ ಅವನಿಗೊಂದು ಬೆಳ್ಳಿ ಪದಕ ಕೊಟ್ಟಿದ್ದರು. ನಮ್ಮ ಪಡಸಾಲೆಯಲ್ಲಿ ಬುದ್ಧನ ಪಟದ ಕೆಳಗೆ ಒಂದು ಮೊಳೆಗೆ ಅದು ತೂಗುತ್ತಿತ್ತು. ಮನೆಗೆ ಬಂದವರು ನೋಡದೇ ಹೋದರೆ ಅಪ್ಪ ಕೆಮ್ಮುತ್ತಿದ್ದ, ಅವರು ಆ ಕಡೆ ತಿರುಗುವ ತನಕ.

ಆ ದಿನ ನಾವಿಬ್ಬರೂ ಹೊರಟದ್ದು ಭಾಲ್ಕಿಯಲ್ಲಿರುವ ನನ್ನ ಚಿಕ್ಕಮ್ಮನ ಮಗಳ ಕುಬಸಕ್ಕೆ, ಬಸುರಿಗೆ ಮಾಡುವ ಸೀಮಂತಕ್ಕೆ. ಬಸ್ಸಿಗೆ ಹೋಗೋಣ ಎಂದು ನಾನು ಹೇಳಿದೆ. "ಬಸ್ಸಿನಾಗ ನಂಗ ಒಂದೇ ಸೀಟಿನ ರೂಢಿ ಅದ. ಅದು ಈಗ ಕೊಡಂಗಿಲ್ಲ ಅವರು" ಎಂದು ಸ್ಕೂಟರ್ ಹೊರತೆಗೆದ. ಅವನು ಇರುವಾಗ ನನಗೆ ಗಾಡಿ ಓಡಿಸಲು ಬಿಡುವುದಿಲ್ಲ, ಅದು ನಮ್ಮ ಮನೆಯ ಕಾನೂನು. ಔರಾದಿನ ಬಸ್ಸಿಗೆಂದು ದಿನಾ ಬೆಳಿಗ್ಗೆ ನನ್ನನ್ನು ನಿಲ್ದಾಣಕ್ಕೆ ಬಿಡುತ್ತಿದ್ದವನೂ ಅವನೇ. ನಲವತ್ತು ದಾಟಿದ ಮಗಳು, ಲೈಸೆನ್ಸ್ ಇದ್ದವಳು, ಹಿಂದೆ ಕೂತು ಹೋಗುತ್ತಿದ್ದೆ. ಆ ದಿನವೂ ತೊಡೆಯ ಮೇಲೆ ಕರ್ಚಿಕಾಯಿಯ ಡಬ್ಬಿ ಇಟ್ಟುಕೊಂಡು ಹಿಂದೆ ಕೂತೆ.

ಭಾಲ್ಕಿಯಲ್ಲಿ ಬಸ್ ನಿಲ್ದಾಣದ ಕಡೆ ಹೊರಳುವ ತಿರುವಿನಲ್ಲಿ ಎಡಗಡೆಯ ಓಣಿಯಿಂದ ಒಂದು ಮೊಪೆಡ್ ಬಂತು. ಅದರ ಹಿಂದೆ ದೊಡ್ಡದೊಂದು ತಗಡಿನ ಪೆಟ್ಟಿಗೆ. ಹಾರ್ನ್ ಆಯಿತೋ ಇಲ್ಲವೋ ನನಗೆ ತಿಳಿಯದು. ನಾನು ಫೋನಿನಲ್ಲಿ ತಲೆ ಹುಗಿದಿದ್ದೆ, ಎಲ್ಲಿದ್ದೀರಿ ಎಂದು ಕೇಳಿದ ಚಿಕ್ಕಮ್ಮನಿಗೆ ಉತ್ತರ ಬರೆಯುತ್ತಿದ್ದೆ. ಧಡ್ ಎಂದಿತು. ಸ್ಕೂಟರ್ ವಾಲಿತು, ನಾನು ಡಬ್ಬಿ ಬಿಡದೆ ನೆಲಕ್ಕೆ ಕಾಲೂರಿದೆ. ಮೊಪೆಡ್ಡಿನವರು ರಸ್ತೆಯ ಮೇಲೆ ಬಿದ್ದು ಕೂತಿದ್ದರು. ತಗಡಿನ ಪೆಟ್ಟಿಗೆ ಬಾಯಿ ತೆರೆದು ಖಾರಿ, ಟೋಸ್ಟು, ನಾನ್‌ಖಟಾಯಿ ಎಲ್ಲ ಡಾಂಬರಿನ ಮೇಲೆ ಚೆಲ್ಲಿದ್ದವು. ಬಿಳಿ ಗಡ್ಡ, ಬಿಳಿ ಟೋಪಿ, ಅಪ್ಪನ ವಯಸ್ಸಿನವರೇ. ಓಣಿ ಓಣಿ ತಿರುಗಿ ಬೇಕರಿ ತಿನಿಸು ಮಾರುವವರು ಎಂದು ನೋಡಿದರೇ ಗೊತ್ತಾಗುತ್ತಿತ್ತು.

ಅಪ್ಪ ಸ್ಕೂಟರ್ ನನ್ನ ಕೈಗೆ ಕೊಟ್ಟು ಅವರ ಬಳಿ ಓಡಿದ. ಬಸ್ಸಿನ ಕೊನೆಯ ಸೀಟಿಗೂ ಕೇಳಿಸುವ ಅವನ ದನಿಯಲ್ಲಿ ಅಂದ:

"ತಪ್ಪು ನಂದು ಭಾಯ್‌ಸಾಬ್. ಪೆಟ್ಟು ಏನರ ಹತ್ತ್ಯಾದೇನು?"

ಅವರು ಒಂದು ಕೈಯಲ್ಲಿ ಟೋಸ್ಟು ಆರಿಸುತ್ತಲೇ ಇನ್ನೊಂದು ಕೈ ಎದೆಗಿಟ್ಟುಕೊಂಡರು. "ನಕ್ಕೋ ಸಾಬ್, ಹಂಗ ಅನಬ್ಯಾಡ್ರಿ. ಗಲ್ತಿ ನಂದೇ ಅದ. ಬೇಟಿಗಿ ಏನರ ಆಗ್ಯಾದೇನು ನೋಡ್ರಿ ಮೊದಲ."

ಬೇರೆ ಕಡೆಯವರಿಗೆ ಇದು ವಿಚಿತ್ರ ಅನ್ನಿಸಬಹುದು. ನಮ್ಮಲ್ಲಿ, ಮುಖ್ಯವಾಗಿ ಅಪ್ಪನ ವಯಸ್ಸಿನವರಲ್ಲಿ, ಇದು ನಮಸ್ಕಾರ ಮಾಡಿದಷ್ಟೇ ಸಹಜ. ಗಾಡಿ ತಾಗಿತು ಎಂದರೆ ಇಬ್ಬರೂ ತಪ್ಪು ನಂದು ಅನ್ನಬೇಕು. ಇವರು ನಂದು ಎಂದರೆ ಅವರು ಇಲ್ಲ ನಂದು ಅನ್ನಬೇಕು. ಎರಡು ಸಲ ಹೀಗಾದ ಮೇಲೆ ಮೈ ಮುಟ್ಟಿ ನೋಡಿ, ಹತ್ತಿರದಲ್ಲಿ ಹೋಟೆಲ್ ಇದ್ದರೆ ಚಹಾ ಕುಡಿದು, ತಮ್ಮ ತಮ್ಮ ದಾರಿ ಹಿಡಿಯಬೇಕು. ಕಾಲರ್ ಹಿಡಿದು ಜಗಳ ಮಾಡುವವರು ನಮ್ಮಲ್ಲೂ ಇದ್ದಾರೆ, ಸುಳ್ಳೇಕೆ ಹೇಳಲಿ. ಆದರೆ ಅಪ್ಪನಂಥವರಿಗೆ ನಿಜವಾಗಿ ಯಾರ ತಪ್ಪು ಎಂಬುದು ಆ ಹೊತ್ತಿನ ಪ್ರಶ್ನೆಯೇ ಅಲ್ಲ.

ಇವರಿಬ್ಬರೂ ಮಾಡಿದ ತಪ್ಪೆಂದರೆ ಅದನ್ನು ಪೊಲೀಸಿನವನ ಎದುರು ಆಡಿದ್ದು. ತಿರುವಿನಲ್ಲಿ ಒಬ್ಬ ಹುಡುಗು ಪ್ರಾಯದ ಕಾನ್‌ಸ್ಟೆಬಲ್ ನಿಂತಿದ್ದ, ರಾಜ್ಯದ ಆ ತುದಿಯಿಂದ ಹೊಸದಾಗಿ ಬಂದವನು. ಅವನಿಗೆ ಕೇಳಿಸಿದ್ದು ಮೊದಲು ಎದ್ದ ದೊಡ್ಡ ದನಿ. ಚಹಾದಂಗಡಿಯವರು "ಹೋಗ್ಲಿ ಬಿಡ್ರಿ ಸಾಹೇಬ್ರ" ಎಂದರೂ ಪುಸ್ತಕ ತೆಗೆದು ಬರೆದುಕೊಂಡ. ಅಪ್ಪನ ವಿಳಾಸ ಕೇಳಿದ, ಸಹಿ ಹಾಕಿ ಎಂದ. ಅಪ್ಪ ಕನ್ನಡಕವೂ ಹಾಕಿಕೊಳ್ಳದೆ ಸಹಿ ಮಾಡಿದ. ಅವನ ಗಮನವೆಲ್ಲ ನೆಲದ ಮೇಲಿನ ಟೋಸ್ಟುಗಳ ಮೇಲಿತ್ತು. ಕುಬಸಕ್ಕೆ ನಾವು ತಡವಾಗಿ ಮುಟ್ಟಿದೆವು. ಕರ್ಚಿಕಾಯಿ ಅರ್ಧ ಮುರಿದಿದ್ದವು.

ಕೋರ್ಟಿನ ಕಾಗದ ಬಂದಾಗ ಅದನ್ನು ಓದಿ ಹೇಳಿದವಳು ನಾನು. ಅಜಾಗರೂಕತೆಯಿಂದ ವಾಹನ ಚಲಾಯಿಸಿ ಡಿಕ್ಕಿ ಹೊಡೆದಿರುತ್ತಾನೆ, ಚಾಲಕನು ಸ್ಥಳದಲ್ಲಿಯೇ ತನ್ನ ತಪ್ಪನ್ನು ಒಪ್ಪಿಕೊಂಡಿರುತ್ತಾನೆ. ಅಪ್ಪ ಎರಡನೇ ಸಲ ಓದಿಸಿದ. ಮೂರನೇ ಸಲ ಓದು ಎಂದಾಗ ನಾನು ಕಾಗದ ಮಡಚಿದೆ.

"ದಂಡ ಕಟ್ಟಿ ಕೈ ತೊಳಕೊಳ್ರಿ" ಎಂದು ಅವ್ವ ಅಡುಗೆಮನೆಯಿಂದ ಅಂದಳು.

"ದಂಡ ಬೇಕಾದ್ರ ಎರಡು ಸಲ ಕಟ್ತೇನಿ. ಒಪ್ಪಿಕೊಂಡಾನ ಅಂತ ಬರದಾರಲ್ಲ, ಅದಕ್ಕ ಒಪ್ಪಂಗಿಲ್ಲ."

"ನೀನೇ ಅಂದೀದಿ ಅಪ್ಪ. ನಾ ನನ್ನ ಕಿವಿಲೇ ಕೇಳೀನಿ" ಎಂದೆ.

"ರಸ್ತಾದಾಗ ಅನ್ನೋದು ಬ್ಯಾರೆ, ಕಾಗದದಾಗ ಬರೆಯೋದು ಬ್ಯಾರೆ. ರಸ್ತಾದಾಗ ಅಂದದ್ದು ಆ ಮನಷ್ಯಾನ ಸಲುವಾಗಿ. ಕಾಗದದಾಗ ಬರದ್ರ ಅದು ಖರೇ ಇರಬೇಕು. ಮೂವತ್ತೊಂದು ವರ್ಷ ನನ್ನ ಕಾಗದದಾಗ ಯಾರೂ ಒಂದು ಗೆರಿ ಹೊಡದಿಲ್ಲ. ಈಗ ಮುದುಕ ಆದ ಮ್ಯಾಲ ಹೊಡಸಿಕೊಳ್ಳಂಗಿಲ್ಲ."

ಮೊಳೆಯಿಂದ ಪದಕ ಬಿಚ್ಚಿ ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. ಅಂದಿನಿಂದ ಪ್ರತಿ ತಾರೀಖಿಗೂ ಅದು ಅವನ ಜೇಬಿನಲ್ಲಿ ಭಾಲ್ಕಿಗೆ ಹೋಗಿ ಬಂತು. ನನಗೋ ಮೈಯೆಲ್ಲ ಉರಿಯುತ್ತಿತ್ತು. ಒಬ್ಬನನ್ನೇ ಕಳಿಸುವುದಕ್ಕೆ ಮನಸ್ಸು ಬರದೆ, ಇದ್ದಬದ್ದ ರಜೆಯೆಲ್ಲ ಹಾಕಿ ಅವನ ಬೆನ್ನು ಹತ್ತಿದೆ. ಮುಖ್ಯೋಪಾಧ್ಯಾಯರು ಒಂದು ಸಲ "ಏನ್ರಿ ಅಕ್ಕೋರ, ಅಪ್ಪಗ ಯಾವಾಗ ಬಿಡುಗಡಿ?" ಎಂದು ನಗಾಡಿದರು. ನಾನು ನಗಲಿಲ್ಲ.

ನಮ್ಮ ವಕೀಲರು ಓಣಿಯವರೊಬ್ಬರ ಅಳಿಯ, ಭಾಲ್ಕಿಯಲ್ಲೇ ಪ್ರಾಕ್ಟೀಸು. ಕೇಸು ಕೇಳಿ ಅವರು ಹಣೆ ಉಜ್ಜಿಕೊಂಡರು.

"ಕಾಕಾ, ಬಿಡಸಿಕೊಳ್ಳಬೇಕಂದ್ರ ಒಂದೇ ದಾರಿ. ಮೊಪೆಡ್ ಅಡ್ಡ ಬಂತು, ಹಾರ್ನ್ ಹೊಡೀಲಿಲ್ಲ ಅಂತ ಅನ್ರಿ. ಅವರು ಹಾರ್ನ್ ಹೊಡದಿದ್ರೇನು?"

ಅಪ್ಪ ಕಿವಿ ತುರಿಸಿಕೊಂಡ. "ಅದು ಅವರು ಹೇಳ್ಲಿ" ಎಂದ. ಉತ್ತರ ಹಾಗೆ ಬಂದದ್ದು ನನಗೆ ಸ್ವಲ್ಪ ಸೋಜಿಗ ಅನ್ನಿಸಿತು. ಆದರೆ ಊಟದ ಹೊತ್ತಿಗೆ ಮನೆ ಮುಟ್ಟಬೇಕೆಂಬ ಗಡಿಬಿಡಿಯಲ್ಲಿದ್ದೆ, ಕೇಳಲಿಲ್ಲ.

ಮೊದಲ ತಾರೀಖಿನಂದು ನ್ಯಾಯಾಧೀಶರು ಕನ್ನಡಕದ ಮೇಲಿಂದ ಅಪ್ಪನನ್ನು ನೋಡಿದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮೈಸೂರು ಕಡೆಯ ಮಾತು.

"ತಪ್ಪು ಒಪ್ಕೋತೀರಾ ಯಜಮಾನ್ರೇ? ಒಪ್ಕೊಂಡ್ರೆ ದಂಡ ಕಟ್ಟಿ ಇವತ್ತೇ ಮುಗಿಸಿಕೊಂಡು ಹೋಗಬಹುದು."

"ಒಪ್ಪಂಗಿಲ್ರಿ ಮೇಡಮ್."

"ಸುಮ್ನೆ ಅಲೀಬೇಕಾಗುತ್ತೆ."

"ಅಲೀತೇನ್ರಿ. ರೂಢಿ ಅದ."

ಅವರು ಸ್ವಲ್ಪ ನಕ್ಕು ಬರೆದುಕೊಂಡರು. ಅಲ್ಲಿಂದ ಶುರುವಾಯಿತು. ಒಂದು ಸಲ ಸರ್ಕಾರಿ ವಕೀಲರು ಇಲ್ಲ, ಒಂದು ಸಲ ಕಾನ್‌ಸ್ಟೆಬಲ್ ಬಂದೋಬಸ್ತಿಗೆ ಹೋಗಿದ್ದಾನೆ, ಒಂದು ಸಲ ಕರೆಂಟು ಇಲ್ಲ. ತಪ್ಪದೆ ಬರುತ್ತಿದ್ದವರು ಇಬ್ಬರೇ, ಒಬ್ಬ ನಮ್ಮಪ್ಪ, ಇನ್ನೊಬ್ಬರು ಆ ಟೋಸ್ಟಿನ ಚಾಚಾ. ಅವರು ಸಾಕ್ಷಿ, ಅದರಲ್ಲೂ ಅಪ್ಪನ ವಿರುದ್ಧದ ಸಾಕ್ಷಿ. ಎರಡನೇ ತಾರೀಖಿನಲ್ಲಿ ಇಬ್ಬರೂ ಕೋರ್ಟಿನ ಅಂಗಳದ ಬೇವಿನ ಮರದ ಕೆಳಗೆ ಎದುರುಬದುರಾದರು. ನಾನು ಮುಖ ಗಂಟು ಹಾಕಿಕೊಂಡು ನಿಂತೆ. ಚಾಚಾ ಚೀಲದಿಂದ ಕಾಗದದ ಪೊಟ್ಟಣ ತೆಗೆದರು.

"ಡ್ರೈವರ್‌ಸಾಬ್, ಆವತ್ತು ಟೋಸ್ಟು ಎಲ್ಲ ಮಣ್ಣಾಗ ಬಿತ್ತು. ನಿಮಗ ರುಚಿ ನೋಡ್ಲಾಕೂ ಸಿಗ್ಲಿಲ್ಲ. ತಗೊಳ್ರಿ."

ಮುಗಿಯಿತು. ಅಪ್ಪ ಚಹಾ ತರಿಸಿದ. ಇಬ್ಬರೂ ಕಟ್ಟೆಯ ಮೇಲೆ ಕೂತು ಟೋಸ್ಟು ಅದ್ದಿ ತಿಂದರು. ಚಾಚಾ ಎಷ್ಟೋ ವರ್ಷದ ಹಿಂದೆ ಮೆಹಕರದ ಬಸ್ಸಿನಲ್ಲಿ ಅಪ್ಪನ ಹಿಂದೆಯೇ ಕೂತು ಹೋಗುತ್ತಿದ್ದವರು ಎಂಬುದು ಆಗ ಗೊತ್ತಾಯಿತು. "ನಿಮ್ಮ ಗಾಡ್ಯಾಗ ನಿದ್ದಿ ಭಾಳ ಛಲೋ ಬರ್ತಿತ್ತು ಸಾಬ್" ಎಂದರು. ಅಪ್ಪನಿಗೆ ಪದಕ ಮತ್ತೊಮ್ಮೆ ಕೊಟ್ಟಷ್ಟು ಖುಷಿ. ಕರವಸ್ತ್ರ ಬಿಚ್ಚಿ ಪದಕ ತೋರಿಸಿದ. ಚಾಚಾ ಅದನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. "ಇದರ ಸಲುವಾಗಿ ಬರ್ಲಕತ್ತೀರಿ ಹೌದಲ್ಲ?" ಎಂದು ಕೇಳಿದರು. ಅಪ್ಪ ಹೌದೆಂದು ತಲೆಯಾಡಿಸಿದ. ಆಮೇಲೆ ಅವರು ಆ ವಿಷಯ ಎತ್ತಲಿಲ್ಲ.

ಈಗ ನೆನಪು ಮಾಡಿಕೊಂಡರೆ ನನ್ನ ಮೇಲೇ ನನಗೆ ಸಿಟ್ಟು ಬರುತ್ತದೆ. ಎಲ್ಲವೂ ನನ್ನ ಕಣ್ಣೆದುರೇ ಇತ್ತು. ಆ ಕಟ್ಟೆಯ ಮೇಲೆ ಅಪ್ಪ ತನ್ನ ಎಡಕ್ಕಿಟ್ಟ ಚಹಾದ ಲೋಟವನ್ನು ಮೊಣಕೈಯಿಂದ ಉರುಳಿಸಿದ. ಮುಂದಿನ ತಾರೀಖಿನಲ್ಲಿ ಮತ್ತೆ ಉರುಳಿಸಿದ. "ನಮ್ಮ ಸಾಲಿ ಮಕ್ಕಳು ಛಲೋ, ಚೆಲ್ಲಂಗಿಲ್ಲ" ಎಂದು ನಾನು ಗೇಲಿ ಮಾಡಿದೆ. ನಾನು ಎಡಗಡೆ ನಡೆದರೆ "ಈ ಕಡಿ ಬಾ" ಎಂದು ಬಲಕ್ಕೆ ಎಳೆದುಕೊಳ್ಳುತ್ತಿದ್ದ. ವಯಸ್ಸಾದ ಹಾಗೆ ನನ್ನ ಮೇಲೆ ಕಾಳಜಿ ಹೆಚ್ಚಾಗಿದೆ ಎಂದುಕೊಂಡೆ. ಮೂರನೇ ತಾರೀಖಿನಿಂದ ಸ್ಕೂಟರ್ ಬಿಟ್ಟು ಬಸ್ಸಿಗೇ ಹೋಗೋಣ ಎಂದವನು ಅವನೇ. ಕೊನೆಗೂ ಬುದ್ಧಿ ಬಂತಲ್ಲ ಎಂದು ಸಂತೋಷಪಟ್ಟೆ. ಬೆಳಿಗ್ಗೆ ನನ್ನನ್ನು ನಿಲ್ದಾಣಕ್ಕೆ ಬಿಡುವುದನ್ನೂ ನಿಲ್ಲಿಸಿದ, ಮೊಣಕಾಲು ನೋವು ಎಂದ. ನಾನು ಮೊಣಕಾಲಿಗೆ ಎಣ್ಣೆ ತಂದುಕೊಟ್ಟೆ. ದಿನಕ್ಕೆ ನಲವತ್ತು ಮಕ್ಕಳ ಮುಖ ನೋಡಿ ಯಾರು ಸುಳ್ಳು ಹೇಳುತ್ತಿದ್ದಾರೆಂದು ಕಂಡುಹಿಡಿಯುವವಳು ನಾನು.

ಚಾಚಾ ಅವರ ಸಾಕ್ಷಿಯ ದಿನ ಕೊನೆಗೂ ಬಂತು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಜೇಬಿನಲ್ಲಿ ಪದಕ ಉಬ್ಬಿ ಕಾಣುತ್ತಿತ್ತು. ಬೆಳಿಗ್ಗೆ ಬಸ್ಸಿನಲ್ಲಿ ಅವನು ಆ ಜೇಬನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದ. ಹೆದರಿದ್ದಾನೆ ಎಂದು ನಾನು ಅವನ ಕೈ ಹಿಡಿದುಕೊಂಡೆ.

ಜವಾನ ಕೂಗಿದ. ಅಪ್ಪ ಆರೋಪಿಯ ಕಟಕಟೆಗೆ, ಚಾಚಾ ಸಾಕ್ಷಿಯ ಕಟಕಟೆಗೆ. ಚಾಚಾ ಟೋಪಿ ಸರಿಮಾಡಿಕೊಂಡು ಸತ್ಯವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿದರು. ಸರ್ಕಾರಿ ವಕೀಲರು ಕೇಳಿದರು:

"ಸ್ಕೂಟರಿನವರು ಹೇಗೆ ಬಂದರು?"

"ಆಹಿಸ್ತಾ ಬಂದ್ರು ಸಾಬ್. ಸಾವಕಾಶ."

"ಡಿಕ್ಕಿ ಹೊಡೆದವರು ಯಾರು?"

"ನಾನು."

ಸರ್ಕಾರಿ ವಕೀಲರು ಕಾಗದ ತಿರುವಿ ಹಾಕಿದರು. "ಪೊಲೀಸರ ಮುಂದೆ ನೀವು ಹೀಗೆ ಹೇಳಿಲ್ಲವಲ್ಲ?"

"ಪೊಲೀಸರು ನನ್ನ ಕೇಳ್ಲೇ ಇಲ್ಲ ಸಾಬ್. ಇವರು ತಮ್ದು ಅಂದ್ರು, ನಾ ನಂದು ಅಂದೆ. ಅವರು ಒಂದೇ ಬರಕೊಂಡ್ರು."

ಹಿಂದಿನ ಬೆಂಚಿನವರು ನಕ್ಕರು. ನ್ಯಾಯಾಧೀಶರು ಪೆನ್ನು ತಟ್ಟಿದರು. ನಮ್ಮ ವಕೀಲರ ಮುಖ ಅರಳಿತು. ಅವರು ಕೋಟು ಸರಿಮಾಡಿಕೊಂಡು ಎದ್ದರು.

"ನೀವು ತಿರುವಿನಲ್ಲಿ ಹಾರ್ನ್ ಹೊಡೆದಿದ್ದಿರಾ?"

ಚಾಚಾ ಒಮ್ಮೆ ಅಪ್ಪನ ಕಡೆ ನೋಡಿದರು. ಮುಖದ ಮೇಲಲ್ಲ, ಜೇಬಿನ ಮೇಲೆ.

"ಇಲ್ಲ ಸಾಬ್. ಹಾರ್ನ್ ಹೊಡೀಲಿಲ್ಲ. ಗಲ್ತಿ ನಂದು, ಇವರದೇನೂ ಇಲ್ಲ."

ಗೆದ್ದೆವು ಎಂದು ನನಗೆ ಆಗಲೇ ಅನ್ನಿಸಿತು. ಆ ಮುದುಕರ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಹೊರಗೆ ಬಂದ ಕೂಡಲೇ ಅವರ ಕಾಲು ಮುಟ್ಟಬೇಕು, ಮನೆಗೆ ಊಟಕ್ಕೆ ಕರೆಯಬೇಕು ಎಂದೆಲ್ಲ ಲೆಕ್ಕ ಹಾಕುತ್ತಿದ್ದೆ. ಆಗ ಆರೋಪಿಯ ಕಟಕಟೆಯಿಂದ ಅಪ್ಪನ ದನಿ ಕೇಳಿಸಿತು. ಬಸ್ಸಿನ ದನಿ ಅಲ್ಲ, ಸಣ್ಣ ದನಿ.

"ಮೇಡಮ್, ನಾ ಒಂದು ಮಾತು ಹೇಳಬೇಕ್ರಿ."

"ನಿಮ್ಮ ವಕೀಲರು ಹೇಳ್ತಾರೆ, ಇರಿ."

"ವಕೀಲರಿಗಿ ಇದು ಗೊತ್ತಿಲ್ರಿ."

ವಕೀಲರು ಕೈಸನ್ನೆ ಮಾಡಿ ಸುಮ್ಮನಿರಲು ಹೇಳಿದರು. ಅಪ್ಪ ಅವರ ಕಡೆ ನೋಡಲಿಲ್ಲ.

"ಅವರು ಹಾರ್ನ್ ಹೊಡದ್ರಿ. ಎರಡು ಸಲ ಹೊಡದ್ರು, ನಂಗ ಕೇಳಿಸ್ತು. ಎಡಕ್ಕ ಕಣ್ಣು ಹಾಯ್ಸಿ ನೋಡ್ದೆ. ಯಾರೂ ಕಾಣ್ಲಿಲ್ಲ. ಯಾರೂ ಇಲ್ಲ ಅಂತ ಮುಂದ ಹೋದೆ. ಅವರು ಅಲ್ಲೇ ಇದ್ರು."

ಗುಮಾಸ್ತರು ಬರೆಯುವುದನ್ನು ಬಿಟ್ಟು ತಲೆ ಎತ್ತಿದರು.

"ಆವಾಗ ನಂಗ ತಿಳೀಲಿಲ್ಲ. ಹಾರ್ನ್ ಬ್ಯಾರೆ ಯಾರದೋ ಅಂತ ಮಾಡಿದ್ದೆ. ಅದಕ್ಕೇ ಇಲ್ಲಿ ಬಂದು ಒಪ್ಪಂಗಿಲ್ಲ ಅಂದೆ. ಬರ್ತಾ ಬರ್ತಾ ಗೊತ್ತಾತು. ಎಡಗಣ್ಣಿಗಿ ಬಾಜೂದ್ದು ಕಾಣಂಗಿಲ್ಲ. ಗೊತ್ತಾದ ಮ್ಯಾಲೂ ಒಂದೆರಡು ತಾರೀಖು ಸುಮ್ಮ ಕುಂತೆ, ಖರೇ ಹೇಳ್ತೇನಿ. ಆದ್ರ ಇವರು ನನ್ನ ಸಲುವಾಗಿ ಪ್ರಮಾಣ ಮಾಡಿ ಸುಳ್ಳು ಹೇಳೋದು ಬ್ಯಾಡ್ರಿ. ತಪ್ಪು ನಂದು. ಬರಕೊಳ್ರಿ."

ಉರುಳಿದ ಲೋಟ, ಬಲಕ್ಕೆ ಎಳೆದ ಕೈ, ಮೊಣಕಾಲಿನ ಎಣ್ಣೆ, ಎಲ್ಲ ಒಟ್ಟಿಗೆ ನೆನಪಾದವು. ನಾಚಿಕೆಯಿಂದ ಮುಖ ಬಿಸಿಯಾಯಿತು. ಅಷ್ಟು ತಿಂಗಳು ಅವನ ಪಕ್ಕದಲ್ಲೇ ಕೂತಿದ್ದೆ, ಅವನು ಒಬ್ಬನೇ ಇದನ್ನು ಹೊತ್ತು ತಿರುಗುತ್ತಿದ್ದ.

ಚಾಚಾ ಸುಮ್ಮನಿರಲಿಲ್ಲ. "ಮೇಡಮ್, ಇವರ ಮಾತು ಕೇಳಬ್ಯಾಡ್ರಿ. ಇವರು ಶರೀಫ್ ಮನಷ್ಯಾ, ಹಿಂಗೇ ಅಂತಾರ. ಗಲ್ತಿ ನಂದು" ಎಂದರು. ನ್ಯಾಯಾಧೀಶರು ಅವರ ಕಡೆ ತಿರುಗಿದರು. "ಪ್ರಮಾಣ ಮಾಡಿ ಸುಳ್ಳು ಹೇಳಿದ್ರೆ ನಿಮ್ಮ ಮೇಲೆ ಬೇರೆ ಕೇಸಾಗುತ್ತೆ. ಗೊತ್ತಾ?"

"ಹಾಕ್ರಿ ಮೇಡಮ್. ಇಬ್ಬರೂ ಕೂಡೇ ಬರ್ತೇವಿ ತಾರೀಖಿಗಿ."

ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿಕೊಂಡರು. ಒರೆಸುವಂಥದ್ದೇನೂ ಅದರ ಮೇಲೆ ಇದ್ದಂತಿರಲಿಲ್ಲ. ಸಾಕ್ಷಿ ಹೇಳಿಕೆಗೆ ಇನ್ನೂ ಸಹಿಯಾಗಿರಲಿಲ್ಲ. ಹಾರ್ನಿನ ಮಾತನ್ನು ಚಾಚಾ ಅವರಿಂದ ಮತ್ತೆ ಕೇಳಿ, ಈ ಸಲ ಹೌದೆನ್ನಿಸಿ, ಸರಿಪಡಿಸಿ ಬರೆಸಿ, ಅವರಿಗೆ ಕೆಳಗಿಳಿಯಲು ಹೇಳಿದರು. ಅಪ್ಪನಿಗೆ ಸಣ್ಣ ದಂಡ ಹಾಕಿದರು. ಆಮೇಲೆ ಬರೆಸದೆ, ಬಾಯಿಮಾತಿನಲ್ಲೇ ಕೇಳಿದರು: "ಕಣ್ಣು ತೋರಿಸಿದ್ದೀರಾ?"

"ಇಲ್ರಿ."

"ಡಾಕ್ಟರು ಓಡಿಸಬಹುದು ಅಂತ ಬರೆದುಕೊಡೋ ತನಕ ಗಾಡಿ ಮುಟ್ಟಬಾರದು. ನಿಮ್ಮ ಮಗಳು ಬಂದಿದ್ದಾರಲ್ಲ, ಅವರ ಹತ್ರ ಕೀಲಿ ಕೊಟ್ಟುಬಿಡಿ."

ಗುಮಾಸ್ತರು ಕಾಗದ ಮುಂದಿಟ್ಟರು. ಆರೋಪಿಯು ತನ್ನ ತಪ್ಪನ್ನು ಒಪ್ಪಿಕೊಂಡಿರುತ್ತಾನೆ. ಕಾನ್‌ಸ್ಟೆಬಲ್ ಬರೆದದ್ದೂ ಹೆಚ್ಚುಕಡಿಮೆ ಇದನ್ನೇ. ಅಪ್ಪ ಈ ಸಲ ಕನ್ನಡಕ ಹಾಕಿಕೊಂಡು ಒಂದೊಂದು ಅಕ್ಷರ ಓದಿ ಸಹಿ ಮಾಡಿದ.

ಹೊರಗೆ ಬೇವಿನ ಮರದ ಕೆಳಗೆ ಚಾಚಾ ಮೊದಲ ಸಲ ಸಿಟ್ಟು ಮಾಡಿದರು. "ಏನ್ ಮಾಡಿದ್ರಿ ಡ್ರೈವರ್‌ಸಾಬ್? ತೀಸ್ ಬರಸ್, ಮೂವತ್ತು ವರ್ಷದ ಹೆಸರು ಒಂದು ಮಾತಿಗಿ ಕಳಕೊಂಡ್ರಿ. ನಾ ಟೋಸ್ಟು ಮಾರಾವ. ನನ್ನ ಹೆಸರಿನ ಮ್ಯಾಲ ಬರದಿದ್ರ ಯಾರಿಗಿ ಏನಾಗ್ತಿತ್ತು?"

"ನಂಗ ಆಗ್ತಿತ್ತು" ಎಂದ ಅಪ್ಪ. "ನಿಮ್ಮ ಮ್ಯಾಲ ಹಾಕಿ ಮನಿಗಿ ಹೋಗಿದ್ರ ಇದನ್ನ ಹ್ಯಾಂಗ ಗ್ವಾಡಿಗಿ ಹಾಕ್ಲಿ?" ಜೇಬಿನಿಂದ ಕರವಸ್ತ್ರದ ಗಂಟು ತೆಗೆದು ನನ್ನ ಕೈಗಿಟ್ಟ. "ಇದು ಇನ್ನ ಅಲಮಾರಿದಾಗ ಇರ್ಲಿ" ಎಂದ. ಆಗ ಅವನ ಕಣ್ಣು ತುಂಬಿದ್ದವು. ಚಾಚಾ ಅವನ ಹೆಗಲ ಮೇಲೆ ಕೈ ಹಾಕಿ ಚಹಾದಂಗಡಿಗೆ ಕರೆದುಕೊಂಡು ಹೋದರು. ಹೋಗುವಾಗ ಅಪ್ಪನ ಎಡಗಡೆ ನಡೆದರು. ಬೇಕೆಂದೇ ಹಾಗೆ ಮಾಡಿದರೆಂದು ನನಗೆ ಗೊತ್ತಾಯಿತು. ಲೋಟವನ್ನೂ ಅವರೇ ಅಪ್ಪನ ಬಲಗೈಗೆ ಕೊಟ್ಟರು.

ಮನೆಗೆ ಬಂದು ನಾನು ಪದಕವನ್ನು ಅಲಮಾರಿಯಲ್ಲಿಡಲಿಲ್ಲ. ಅದೇ ಮೊಳೆಗೆ ಹಾಕಿದೆ. ಮೂವತ್ತೊಂದು ವರ್ಷ ಎಷ್ಟೋ ಸಾವಿರ ಮಂದಿಯನ್ನು ಸುರಕ್ಷಿತವಾಗಿ ಇಳಿಸಿದ್ದಕ್ಕೆ ಕೊಟ್ಟದ್ದು ಅದು, ಅದರಲ್ಲಿ ಭಾಲ್ಕಿಯ ತಿರುವು ಸೇರಿಲ್ಲ ಎಂದು ಜಗಳ ಮಾಡಲು ತಯಾರಾಗಿದ್ದೆ. ಅಪ್ಪ ಸಂಜೆ ನೋಡಿದ. ಅಲ್ಲೇ ಇರಲು ಬಿಟ್ಟ.

ಮರುದಿನ ಬೆಳಿಗ್ಗೆ ಕಣ್ಣಿನ ಆಸ್ಪತ್ರೆಗೆ ಹೊರಟೆವು. ಆಟೋ ತರಲು ಹೊರಟವಳ ಕೈಗೆ ಅಪ್ಪ ಸ್ಕೂಟರಿನ ಕೀಲಿ ಕೊಟ್ಟ. ನಾನು ಮುಂದೆ, ಅವನು ಹಿಂದೆ. ಹಾಗೆ ಕೂತದ್ದು ಅದೇ ಮೊದಲು. ಅವನ ಕಾಲು ಎರಡು ಸಲ ತಂತಾನೇ ಬ್ರೇಕು ಒತ್ತಲು ಹೋಗಿ ನನ್ನ ಹಿಮ್ಮಡಿಗೆ ತಾಗಿತು. ಎರಡು ಸಲವೂ "ತಪ್ಪು ನಂದು" ಎಂದ, ನನಗೆ ನಗುವೂ ಬಂತು, ಅಳುವೂ ಬಂತು. ಹೋದ ನೋಟ ತಿರುಗಿ ಬರುವುದಿಲ್ಲ, ಉಳಿದದ್ದನ್ನು ಕಣ್ಣಿಗೆ ಹನಿ ಔಷಧ ಹಾಕಿ ಕಾಪಾಡಿಕೊಳ್ಳಬಹುದು ಎಂದು ಡಾಕ್ಟರು ಹೇಳಿದರು. ಅವನು ಇನ್ನು ಗಾಡಿ ಓಡಿಸುವಂತಿಲ್ಲ. ಅಪ್ಪ ತಲೆಯಾಡಿಸಿ, ಔಷಧ ದಿನಕ್ಕೆ ಎಷ್ಟು ಸಲ ಎಂದಷ್ಟೇ ಕೇಳಿದ.

ತಿರುಗಿ ಬರುವಾಗ ಚೌಕಕ್ಕೆ ಮುಟ್ಟುವ ಮೊದಲೇ ಅವನ ಕೈ ನನ್ನ ಹೆಗಲ ಮೇಲೆ ಬಂತು.

"ಸಾವಕಾಶ. ಎಡಕ್ಕ ನೋಡು."

"ಯಾರೂ ಇಲ್ಲ ಅಪ್ಪ."

"ಇನ್ನೊಮ್ಮಿ ನೋಡು ತಾಯಿ."

ನಾನು ಗಾಡಿ ನಿಲ್ಲಿಸಿ ತಲೆ ಪೂರಾ ತಿರುಗಿಸಿ ನೋಡಿದೆ. ಗೋಡೆಯ ಬದಿಯಿಂದ ಒಬ್ಬರು ಸೈಕಲ್ ಮೇಲೆ ಬರುತ್ತಿದ್ದರು. ಅವರು ದಾಟಿ ಹೋಗುವ ತನಕ ಅಪ್ಪ ನನ್ನ ಹೆಗಲು ಬಿಡಲಿಲ್ಲ.